ಮಾನ್ಯ ಕುಲಪತಿಗಳೇ, ಅಪ್ಪಯ್ಯನ ದಿನಚರಿ ಎಲ್ಲಿ?



ತಮ್ಮ ವಿಶ್ವವಿದ್ಯಾಲಯದ ವೈದ್ಯಕೀಯ ಇತಿಹಾಸ ಸಂಗ್ರಹಾಲಯಕ್ಕೆ ಹೊಸ ಕಟ್ಟಡವಾದ ಸುದ್ದಿ ಓದಿದೆ. ಅಭಿನಂದನೆಗಳು. ಈ ಪತ್ರವನ್ನು ಪತ್ರಿಕೆಗೆ ಕೊಡುವ ಮನಸ್ಸಿರಲಿಲ್ಲ. ಆದರೆ ಅಪ್ಪಯ್ಯನ ದಿನಚರಿಯ ಬಗ್ಗೆ ತಮಗೆ ಬರೆದ ಕಾಗದಗಳಿಗೆ ಉತ್ತರ ಬರಲಿಲ್ಲ. ಫೋನು ಮಾಡಿದರೆ ಕುಲಸಚಿವರ ಕಚೇರಿಯವರು ಗ್ರಂಥಪಾಲಕರನ್ನು ತೋರಿಸಿದರು, ಗ್ರಂಥಪಾಲಕರು ಯೋಜನಾ ಸಂಯೋಜಕರನ್ನು ತೋರಿಸಿದರು. ಮಾಹಿತಿ ಹಕ್ಕಿನ ಅರ್ಜಿಗೆ ಬಂದದ್ದು ಒಂದೇ ಸಾಲು: 'ಸದರಿ ದಾಖಲೆ ಲಭ್ಯವಿರುವುದಿಲ್ಲ.'

ನಡೆದದ್ದು ತಮಗೆ ಗೊತ್ತಿರುವುದೇ. ಮನೆಗಳಲ್ಲಿರುವ ಹಳೆಯ ಆರೋಗ್ಯ ದಾಖಲೆಗಳನ್ನು ಉಳಿಸುತ್ತೇವೆಂದು ತಮ್ಮ ತಂಡ ಮಲೆನಾಡಿನ ನಮ್ಮೂರಿಗೆ ಬಂದು ಶಿಬಿರ ನಡೆಸಿತು. ಸ್ಕ್ಯಾನ್ ಮಾಡಿ ಆರು ತಿಂಗಳಲ್ಲಿ ಮೂಲಪ್ರತಿ ವಾಪಸ್ ಕೊಡುತ್ತೇವೆ ಎಂದು ಸಮುದಾಯ ಭವನದ ವೇದಿಕೆಯಲ್ಲಿ ತಾವೇ ಮೈಕಿನ ಮುಂದೆ ನಿಂತು ಹೇಳಿದಿರಿ. ಆ ಮಾತನ್ನು ನಂಬಿ ಅಪ್ಪಯ್ಯನ ದಿನಚರಿ ಕೊಟ್ಟೆ. ಅವರ ಹೆಸರು, ಹುದ್ದೆ ಬರೆದ ಸ್ವೀಕೃತಿ ಚೀಟಿ ಈಗಲೂ ನನ್ನಲ್ಲಿದೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಜನ ಜ್ವರ ಹಿಡಿದು ಮಲಗಿದರು. ಹಳದಿ ಜ್ವರವೇ ಇರಬಹುದೆಂದು ಮೊದಲು ಹೆದರಿದ್ದರು. ಉಣುಗಿನಿಂದ ಹರಡುವ ಹೊಸ ವೈರಸ್ಸು ಎಂಬುದನ್ನು ಪುಣೆಯ ವೈರಸ್ ಸಂಶೋಧನಾ ಕೇಂದ್ರ ಪತ್ತೆ ಮಾಡಿತು. ಈ ಮಂಗನ ಕಾಯಿಲೆಯಿಂದ ಕ್ಯಾಸನೂರಿನ ಹೆಸರು ಜಗತ್ತಿನ ವೈದ್ಯಗ್ರಂಥಗಳಿಗೆ ಸೇರಿತು. ಆ ಗ್ರಂಥಗಳಲ್ಲಿ ವಿಜ್ಞಾನಿಗಳ ಹೆಸರಿದೆ. ಸತ್ತ ಮಂಗವನ್ನು ಹುಡುಕುತ್ತ, ಜ್ವರ ಬಂದವರ ಮನೆ ಕೇಳುತ್ತ ಗುಡ್ಡ ಹತ್ತಿಳಿದ ಸಣ್ಣ ನೌಕರರ ಹೆಸರಿಲ್ಲ. ಅಪ್ಪಯ್ಯ ಅಂಥವರಲ್ಲೊಬ್ಬರು.

ಮಂಗ ಯಾವ ಹಳ್ಳದ ದಂಡೆಯಲ್ಲಿ ಸತ್ತಿತ್ತು, ಆ ಕಡೆ ಒಣ ಎಲೆಯ ದರಕು ತರಲು ಹೋದವರು ಯಾರು, ಆಮೇಲೆ ಯಾರ ಮನೆಯಲ್ಲಿ ಜ್ವರ ಕಂಡಿತು, ಎಲ್ಲವನ್ನೂ ಅವರು ಆ ದಿನಚರಿಯಲ್ಲಿ ಬರೆದಿಟ್ಟಿದ್ದರು. ಮಂಗ ಸತ್ತಲ್ಲಿ ಸೋಂಕಿನ ಉಣುಗುಗಳು ಉದುರುತ್ತವೆ, ಹೆಚ್ಚು ಅಪಾಯವಿರುವುದು ಆ ಜಾಗದಲ್ಲೇ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದೇ ಕಾಯಿಲೆಯಿಂದ ಜನ ಸಾಯುತ್ತಿದ್ದಾಗ ಇಂಥ ಬರಹಕ್ಕೆ ಎಷ್ಟು ಬೆಲೆಯಿತ್ತೆಂದು ನಾನು ಹೇಳಬೇಕಾಗಿಲ್ಲ. 2022ರಲ್ಲಿ ಅದರ ಹಳೆಯ ಲಸಿಕೆಯೂ ನಿಂತಿತು. ಕಾಯಿಲೆ ಮಾತ್ರ ನಿಂತಿಲ್ಲ.

ಆರು ತಿಂಗಳು ಎಂದೋ ಕಳೆಯಿತು. ದಿನಚರಿ ಬರಲಿಲ್ಲ. ಹೋಗಲಿ, ಕೆಲಸ ನಿಧಾನವಿರಬಹುದು ಅಂದುಕೊಂಡು ತಮ್ಮ ಹೊಸ ಕಟ್ಟಡದ ಪ್ರದರ್ಶನ ನೋಡಲು ಬಂದೆ. ಗೋಡೆಯ ಮೇಲೆ ಅಪ್ಪಯ್ಯನ ಅಕ್ಷರ ಕಂಡಿತು! ಒಂದು ಪುಟವನ್ನು ಆಳೆತ್ತರಕ್ಕೆ ಹಿಗ್ಗಿಸಿ ತೂಗುಹಾಕಿದ್ದರು. ಕೆಳಗೆ 'ಅಜ್ಞಾತ ಆರೋಗ್ಯ ಕಾರ್ಯಕರ್ತನ ಟಿಪ್ಪಣಿ' ಎಂದಿತ್ತು.

ಅಜ್ಞಾತರೇ? ನಿಮ್ಮದೇ ಸಹಿ, ಮೊಹರು ಇರುವ ಚೀಟಿಯಲ್ಲಿ ಅವರ ಹೆಸರಿದೆಯಲ್ಲ ಸ್ವಾಮಿ! ಅದೇ ಪುಟದಲ್ಲಿ ಜ್ವರ ಬಂದವರ ಹೆಸರು, ಊರು, ಮನೆತನ ಮಾತ್ರ ಹೋಗಿಬರುವವರೆಲ್ಲ ಓದುವಂತೆ ತೆರೆದಿಟ್ಟಿದ್ದೀರಿ. ಮುಚ್ಚಬೇಕಾದ ರೋಗಿಯ ಹೆಸರು ಗೋಡೆಗೆ, ಹೇಳಬೇಕಾದ ನೌಕರನ ಹೆಸರು ಕತ್ತಲೆಗೆ. ಇದು ಯಾವ ಸಂಗ್ರಹಾಲಯದ ಶಿಸ್ತು? ಕಚೇರಿಯಲ್ಲಿ 'ಲಭ್ಯವಿಲ್ಲ'ದ ದಾಖಲೆ ಗೋಡೆಗೆ ಹೇಗೆ ಬಂತು? ಅಡುಗೆಮನೆಯ ಅಟ್ಟದ ಹೊಗೆಯಲ್ಲಿ ಗೆದ್ದಲು, ಬೂಸ್ಟು ತಾಗದೆ ಅಷ್ಟು ಮಳೆಗಾಲ ಉಳಿದ ಪುಸ್ತಕ ನಿಮ್ಮ ಹವಾನಿಯಂತ್ರಿತ ಕೋಣೆಯಲ್ಲಿ ಉಳಿಯಲಿಲ್ಲವೇ?

ನನ್ನದೊಂದೇ ದೂರಲ್ಲ. ನಮ್ಮೂರ ಅಜ್ಜಿಯೊಬ್ಬರು ಮಂಗನ ಕಾಯಿಲೆಯಿಂದ ಬದುಕಿಬಂದ ಕಥೆಯನ್ನು ನಿಮ್ಮ ಹುಡುಗರ ಮುಂದೆ ಹೇಳಿಕೊಂಡರು. ಧ್ವನಿಮುದ್ರಣ ಅವರ ಮನೆಗೆ ಇನ್ನೂ ತಲುಪಿಲ್ಲ. ಶಿಬಿರದ ಫೋಟೋ ಮಾತ್ರ ಮರುದಿನದ ಪತ್ರಿಕೆಯಲ್ಲಿ ಬಂತು. ಇನ್ನು ಸರ್ಕಾರಿ ಆಸ್ಪತ್ರೆಗಳ ಕಥೆ ಕೇಳುವುದೇ ಬೇಡ. ದಾಕು ಹಾಕಿದವರ ವಹಿ, ಮಲೇರಿಯಾ ಸಿಬ್ಬಂದಿ ಮನೆಮನೆಗೆ ಡಿಡಿಟಿ ಹೊಡೆದ ಲೆಕ್ಕ, ಹೆರಿಗೆ ಪುಸ್ತಕ, ಎಲ್ಲ ಗುಜರಿಗೆ ಕಿಲೋ ಲೆಕ್ಕದಲ್ಲಿ ಹೋಗುತ್ತಿವೆ. ಅದನ್ನು ತಡೆಯಬೇಕಾದವರು ನೀವು. ನೀವೇ ಬಡವರ ಮನೆಯ ಕಾಗದ ಒಯ್ದು ಕೈತೊಳೆದುಕೊಂಡರೆ ಆ ಗುಜರಿಯವನಿಗಿಂತ ಹೇಗೆ ಮೇಲು? ಅವನು ಕಾಸಾದರೂ ಕೊಡುತ್ತಾನೆ.

ದಿನಚರಿ ವಾಪಸ್ ಕೊಡಿ. ಕಳೆದಿದ್ದರೆ ಕಳೆದಿದೆ ಎಂದು ನಿಮ್ಮ ಸಹಿ ಹಾಕಿ ಬರೆದುಕೊಡಿ. ಗೋಡೆಯ ಮೇಲಿನ ಪುಟದಲ್ಲಿ ರೋಗಿಗಳ ಹೆಸರು ಮುಚ್ಚಿ, ಬರೆದವರ ಹೆಸರು ಹಾಕಿ. ಶಿಬಿರದಲ್ಲಿ ಯಾರಿಂದ ಏನು ಪಡೆದಿರಿ, ಅದು ಈಗ ಎಲ್ಲಿದೆ ಎಂಬ ಪಟ್ಟಿಯನ್ನು ನಮ್ಮ ಗ್ರಾಮ ಪಂಚಾಯಿತಿಯ ಬಾಗಿಲಿಗೆ ಅಂಟಿಸಿ.

ಅಷ್ಟಾಗುವವರೆಗೆ ಇನ್ನೊಂದು ಶಿಬಿರಕ್ಕೆಂದು ಬರುವುದಾದರೆ ಸ್ಕ್ಯಾನ್ ಮಾಡುವ ಯಂತ್ರವನ್ನು ನಮ್ಮೂರಿಗೇ ತನ್ನಿ. ಕರೆಂಟು ಕೊಡುತ್ತೇವೆ, ಊಟವನ್ನೂ ಹಾಕುತ್ತೇವೆ. ಕಾಗದ ಮಾತ್ರ ಹೊಸಿಲು ದಾಟುವುದಿಲ್ಲ.

ಇಂತಿ,
ಆ 'ಅಜ್ಞಾತ'ನ ಮಗಳು