ಸರಕು ಸಾಗಿಸುವವನೂ ದೊಡ್ಡವನೇ



ಕಂಪ್ಯೂಟರ್ ಆಟ ಅಂದ ಕೂಡಲೇ ನಮ್ಮ ತರಗತಿಯಲ್ಲಿ ಎಲ್ಲರೂ ಗುಂಡು ಹೊಡೆಯುವ ಆಟವನ್ನೇ ಹೇಳ್ತಾರೆ. ಆದರೆ ಒಂದು ಗುಂಡನ್ನೂ ಹೊಡೆಯದೆ, ಬರೀ ಸರಕು ಸಾಗಿಸಿ ಮೇಲೆ ಬರಬಹುದಾದ ಆಟವೂ ಇದೆ. ಅದರ ಹೆಸರು ಎಲೀಟ್ ಡೇಂಜರಸ್. ಸರಕು ಸಾಗಿಸುವ ಕೆಲಸ ಕೀಳಲ್ಲ ಎಂಬುದಕ್ಕೆ ಆ ಆಟವೇ ಸಾಕ್ಷಿ ಎಂಬುದು ನನ್ನ ಅಭಿಪ್ರಾಯ.

ಇಂಗ್ಲೆಂಡಿನಲ್ಲಿ ಓದುತ್ತಿದ್ದ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಎಂಬ ಇಬ್ಬರು ವಿದ್ಯಾರ್ಥಿಗಳು 1984ರಲ್ಲಿ ಎಲೀಟ್ ಎಂಬ ಆಟ ತಯಾರಿಸಿದರು. ಬ್ರೇಬೆನ್ ಅವರ ಕಂಪನಿ 2014ರಲ್ಲಿ ಅದನ್ನು ಇಂಟರ್ನೆಟ್ಟಿನಲ್ಲಿ ಆಡುವ ಹಾಗೆ ಹೊಸದಾಗಿ ತಂದಿತು. ನಮ್ಮ ಆಕಾಶಗಂಗೆಯನ್ನೇ ಅದರಲ್ಲಿ ತುಂಬಿದ್ದಾರೆ. ಸುಮಾರು 40,000 ಕೋಟಿ ನಕ್ಷತ್ರಗಳ ಲೆಕ್ಕ! ಬೆಂಗಳೂರಿನಲ್ಲಿರುವ ನನ್ನ ಸೋದರಮಾವ ಇದನ್ನು ಆಡುತ್ತಾರೆ. ರಜೆಯಲ್ಲಿ ಅವರ ಪಕ್ಕ ಕೂತು ನೋಡಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಆಟ ಶುರುವಾದಾಗ ಸೈಡ್‌ವೈಂಡರ್ ಎಂಬ ಪುಟ್ಟ ಹಡಗು ಮತ್ತು 1,000 ಕ್ರೆಡಿಟ್ ಹಣ ಕೊಡ್ತಾರೆ. ಅದರಲ್ಲಿ ಹಿಡಿಯುವುದು 4 ಟನ್ ಸರಕು. 50 ಕೆ.ಜಿ.ಯ 80 ಮೂಟೆ ಅಷ್ಟೇ. ಆಗ ವ್ಯಾಪಾರಿಯ ದರ್ಜೆಯ ಹೆಸರೇ 'ಬಿಡಿಗಾಸಿಲ್ಲದವ' ಅಂತ. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿ 'ಎಲೀಟ್' ಎಂಬ ದರ್ಜೆಗೆ ಹೋಗಬೇಕು. ಮೊದಲು ಹಾಲರ್ ಎಂಬ ಚಿಕ್ಕ ಹಡಗು ಕೊಳ್ಳಬಹುದು. ಆಮೇಲೆ 100 ಟನ್ನಿಗೂ ಹೆಚ್ಚು ಹಿಡಿಯುವ ಟೈಪ್-6. ಕೊನೆಗೆ 700 ಟನ್ ದಾಟುವ ಟೈಪ್-9. ಇದರ ಬೆಲೆ ಏಳೂವರೆ ಕೋಟಿ ಕ್ರೆಡಿಟ್ಟಿಗೂ ಹೆಚ್ಚು. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಇಲ್ಲಿ ನಿಜ.

ಇದಕ್ಕೆ ಬುದ್ಧಿ ಬೇಡವೇ? ಬೇಕೇ ಬೇಕು. ಬೇಸಾಯ ಮಾಡುವ ಗ್ರಹದ ಹತ್ತಿರ ಧಾನ್ಯ ಅಗ್ಗ, ಯಂತ್ರ ತುಟ್ಟಿ. ಕಾರ್ಖಾನೆ ಇರುವ ಕಡೆ ಯಂತ್ರ ಅಗ್ಗ. ಜಾಣ ವ್ಯಾಪಾರಿ ಹೋಗುವಾಗ ಒಂದು ಸರಕು ತುಂಬಿಕೊಂಡು ಹೋಗಿ, ಬರುವಾಗ ಇನ್ನೊಂದು ತರ್ತಾನೆ. ಖಾಲಿ ಬಂದರೆ ಅರ್ಧ ದಾರಿ ದಂಡ. ನಮ್ಮ ಲಾರಿಯವರು ರಿಟರ್ನ್ ಲೋಡ್ ಅನ್ನುವುದು ಇದಕ್ಕೇ.

ದಾರಿಯಲ್ಲಿ ಕಳ್ಳರೂ ಇದ್ದಾರೆ. ಹಡಗು ನಾಶವಾದರೆ ಅದರ ಬೆಲೆಯ ಶೇಕಡಾ 5 ಕಟ್ಟಿದರೆ ವಾಪಸ್ ಸಿಗುತ್ತದೆ. ಒಂದು ಕೋಟಿಯ ಹಡಗಿಗೆ 5 ಲಕ್ಷ ಅಂತ ಲೆಕ್ಕ ಹಾಕಿಕೊಳ್ಳಿ. ಆದರೆ ಒಳಗಿದ್ದ ಸರಕು ಹೋದದ್ದು ಹೋದಂತೆಯೇ. ಆದ್ದರಿಂದ ಇದ್ದಬದ್ದ ದುಡ್ಡನ್ನೆಲ್ಲ ಹಡಗಿಗೂ ಸರಕಿಗೂ ಸುರಿಯಬಾರದು. ಆ ಶೇಕಡಾ 5 ಕೈಯಲ್ಲಿ ಇಟ್ಟುಕೊಂಡೇ ಹೊರಡಬೇಕು ಅಂತ ಮಾವ ಹೇಳ್ತಾರೆ. ಗಣಿತದ ಮೇಷ್ಟ್ರು ಲಾಭ-ನಷ್ಟದ ಪಾಠ ಮಾಡುವಾಗ ಈ ಲೆಕ್ಕ ಕೊಟ್ಟರೆ ಯಾರೂ ಆಕಳಿಸುವುದಿಲ್ಲ.

ನನಗೆ ಬಹಳ ಇಷ್ಟವಾದ ವಿಷಯ ಮುಂದಿದೆ. ಈ ಆಟದಲ್ಲಿ ಯುದ್ಧ ಮಾಡುವವನಿಗೂ, ಹೊಸ ನಕ್ಷತ್ರ ಹುಡುಕುವವನಿಗೂ, ಸರಕು ಸಾಗಿಸುವವನಿಗೂ ಕೊನೆಯಲ್ಲಿ ಸಿಗುವ ದರ್ಜೆಯ ಹೆಸರು ಒಂದೇ, ಎಲೀಟ್. ಮೇಲು ಕೀಳು ಇಲ್ಲ. 2025ರಲ್ಲಿ ಆಟಗಾರರೇ ಹೊಸ ನಕ್ಷತ್ರಗಳ ಬಳಿ ನಿಲ್ದಾಣ ಕಟ್ಟುವ ಅವಕಾಶ ಬಂತು. ಉಕ್ಕು, ಅಲ್ಯೂಮಿನಿಯಂ ಎಲ್ಲವನ್ನೂ ಸಾವಿರಾರು ಟನ್ ಸಾಗಿಸಿದರೆ ಮಾತ್ರ ನಿಲ್ದಾಣ ಏಳುತ್ತದೆ. ಅಂದರೆ ಬಂದೂಕಿನಿಂದ ಊರು ಕಟ್ಟಲಾಗುವುದಿಲ್ಲ, ಸರಕಿನಿಂದಲೇ ಕಟ್ಟಬೇಕು.

ಆದರೆ ಆಟದಲ್ಲಿ ಒಂದು ಕೊರತೆ ಇದೆ. ಗುಂಡಿ ಒತ್ತಿದ ತಕ್ಷಣ 700 ಟನ್ ಸರಕು ಒಳಗೆ ಹೋಗಿಬಿಡುತ್ತದೆ. ಹೊರುವವರು ಯಾರೂ ಕಾಣುವುದಿಲ್ಲ! ನನ್ನ ಅಪ್ಪ ಮಾರುಕಟ್ಟೆ ಯಾರ್ಡಿನಲ್ಲಿ ಹಮಾಲಿ. ಅವರ ಬೆನ್ನು, ಅವರ ಕೊಕ್ಕೆ ಇಲ್ಲದೆ ಒಂದು ಲಾರಿಯೂ ತುಂಬುವುದಿಲ್ಲ. ಆಟದಲ್ಲಿ ಕಾಣದಿದ್ದರೂ ನಿಜ ಜೀವನದಲ್ಲಿ ನಾವು ಅವರನ್ನು ಕಾಣಬೇಕು ತಾನೇ?

ಇಂಥ ಆಟಕ್ಕೆ ಕಂಪ್ಯೂಟರ್ ಬೇಕು, ಇಂಟರ್ನೆಟ್ ಬೇಕು, ಗಂಟೆಗಟ್ಟಲೆ ಹೊತ್ತು ಬೇಕು. ಎಲ್ಲರೂ ಆಡಿ ಅಂತ ನಾನು ಹೇಳುತ್ತಿಲ್ಲ. ನಾನು ಹೇಳುವುದು ಇಷ್ಟೇ. "ಓದದಿದ್ರೆ ಮೂಟೆ ಹೊರೋಕೆ ಹೋಗ್ತೀಯ" ಅಂತ ದೊಡ್ಡವರು ಬೈಯುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಓದಬೇಕು ಅನ್ನುವುದು ಸರಿ, ನಾನೂ ಓದುತ್ತೇನೆ. ಆದರೆ ಮೂಟೆ ಹೊರುವುದನ್ನು ಶಿಕ್ಷೆ ಅನ್ನುವುದು ಸರಿಯಲ್ಲ. ನಮ್ಮ ಬಿಸಿಯೂಟದ ಅಕ್ಕಿಯೂ, ನಾವು ಓದುವ ಪುಸ್ತಕವೂ ಯಾರದೋ ಹೆಗಲ ಮೇಲೆಯೇ ಬಂದದ್ದು. ಆ ಮಾತನ್ನು ಇನ್ನು ಮುಂದೆ ನಾವ್ಯಾರೂ ಆಡದಿರೋಣ ಎಂದು ಎಲ್ಲರಲ್ಲೂ ವಿನಂತಿಸಿಕೊಳ್ಳುತ್ತೇನೆ.

– ಏಳನೇ ತರಗತಿ