ಉತ್ತರಕ್ಕೂ ಒಂದು ತಾರೀಖು ಇರತೈತಿ

ಹೋದ ಸೋಮವಾರ ಮುಂಜಾನೆ ಏಳಕ್ಕೆ ಕಳಿಸಿದ ಪ್ರಶ್ನೆ ಇದು: ಕಾದಂಬರಿಕಾರ ಮಿರ್ಜಿ ಅಣ್ಣಾರಾಯರು ಹುಟ್ಟಿದ ಶೇಡಬಾಳ ಯಾವ ತಾಲ್ಲೂಕಿನಲ್ಲಿದೆ?

ಎಂಟು ಗಂಟೆ ಆಗೂದ್ರಾಗ ಜಗಳ ಶುರುವಾಯಿತು. ಗೈಡ್ ಬಾಯಿಪಾಠ ಮಾಡಿದ ಹುಡುಗರು ‘ಅಥಣಿ’ ಅಂದರು. ಉಗಾರ ಕಡೆಯವರು ‘ಕಾಗವಾಡ’ ಅಂತ ಪಟ್ಟು ಹಿಡಿದರು. ನಿವೃತ್ತ ಮಾಸ್ತರರೊಬ್ಬರು ಇಬ್ಬರನ್ನೂ ಬಿಟ್ಟು ನನ್ನನ್ನೇ ಹಿಡಿದರು. “ತಮ್ಮಾ, ಅವರು ಹುಟ್ಟಿದ್ದು 1918ರಾಗ. ನೀ ಆವಾಗಿನ ತಾಲ್ಲೂಕು ಕೇಳಾಕತ್ತಿಯೋ, ಈಗಿಂದು ಕೇಳಾಕತ್ತಿಯೋ?”

ಪ್ರಶ್ನೆಯಲ್ಲಿ ‘ಇದೆ’ ಅಂತಿದ್ದದ್ದರಿಂದ ಉತ್ತರ ಕಾಗವಾಡವೇ. 2018ರಲ್ಲಿ ಅದು ಅಥಣಿಯಿಂದ ಬೇರೆಯಾಗಿ ತಾಲ್ಲೂಕಾಯಿತು, ಶೇಡಬಾಳವೂ ಅದರ ಕೂಡ ಹೋಯಿತು. ಆದರೆ ಮಾಸ್ತರರ ಮಾತು ಮಾತ್ರ ಈ ವಾರವಿಡೀ ತಲೆಯಲ್ಲೇ ಕುಂತಿದೆ. ಸಾಫ್ಟ್‌ವೇರ್ ಕೆಲಸದಲ್ಲಿ ನಾವು ಯಾವ ಮಾಹಿತಿ ಇಟ್ಟರೂ ಬಾಜೂಕ ‘ಇದು ಯಾವ ದಿನದ್ದು’ ಅನ್ನುವ ಕಾಲಂ ಒಂದು ಇಡುತ್ತೇವೆ. ಸಾಮಾನ್ಯ ಜ್ಞಾನದ ಪುಸ್ತಕದವರು ಆ ಕಾಲಂ ಇಡುವುದೇ ಇಲ್ಲ.

ಹೊಸದಾಗಿ ಓದುವವರಿಗೆ ಒಂದು ಮಾತು. ನಮ್ಮದು ದಿನಕ್ಕೊಂದೇ ಪ್ರಶ್ನೆ, ಅದೂ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲ್ಲೂಕುಗಳ ನೆಲದ್ದು. ರಾತ್ರಿ ಒಂಬತ್ತಕ್ಕೆ ಉತ್ತರ, ಜೊತೆಗೆ ನಾಲ್ಕು ಸಾಲು ವಿವರಣೆ. ಬಹುಮಾನ ಏನೂ ಇಲ್ಲ. ಕಾನ್‌ಸ್ಟೆಬಲ್, ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗ-ಹುಡುಗಿಯರೇ ಹೆಚ್ಚು. ಚಾ ಕುಡೀತಾ ಉತ್ತರ ಹಾಕುವ ಹಿರಿಯರೂ ಇದ್ದಾರೆ, ಮಕ್ಕಳ ಹೆಸರಲ್ಲಿ ತಾವೇ ಆಡುವ ಅವ್ವಂದಿರೂ ಇದ್ದಾರೆ. (ಯಾರು ಅಂತ ನನಗೆ ಗೊತ್ತೈತ್ರಿ!)

ನಾವೆಲ್ಲ ‘ಥಟ್ ಅಂತ ಹೇಳಿ’ ನೋಡಿ ಬೆಳೆದವರು. 2002ರ ಜನವರಿಯಲ್ಲಿ ಚಂದನ ವಾಹಿನಿಯಲ್ಲಿ ಶುರುವಾದ ಕಾರ್ಯಕ್ರಮ. ಅಲ್ಲಿ ಡಾ. ನಾ. ಸೋಮೇಶ್ವರ ಅವರು ಸರಿ ಉತ್ತರ ಬಂದ ಮೇಲೂ ಅದರ ಹಿಂದಿನ ಎರಡು ಮಾತು ಹೇಳುತ್ತಿದ್ದರು, ಗೆದ್ದವರ ಕೈಗೆ ಪುಸ್ತಕ ಕೊಡುತ್ತಿದ್ದರು. ಆ ಎರಡು ಮಾತಿನ ಆಸೆಗೇ ನಾನು ಕೂಡುತ್ತಿದ್ದೆ. ಈಗಿನ ಗೈಡುಗಳಲ್ಲಿ ಪ್ರಶ್ನೆ, ನಾಲ್ಕು ಆಯ್ಕೆ, ಕೆಳಗೆ ‘ಬಿ’ ಅಂತ ಒಂದು ಅಕ್ಷರ, ಮುಗೀತು. ಹಂಪಿ ಇರುತ್ತದೆ, ಗೋಳಗುಮ್ಮಟ ಇರುತ್ತದೆ. ನಮ್ಮ ಕಡೆಯದು ಅಂದರೆ ನಿಪ್ಪಾಣಿ ತಂಬಾಕು ಒಂದು ಬಂದರೆ ಬಂತು.

ತಾರೀಖಿನ ಮಾತಿಗೆ ಬರುತ್ತೇನೆ. ಬುಧವಾರದ ಪ್ರಶ್ನೆ ರಾಯಬಾಗದ್ದು: 1940ರಲ್ಲಿ ರಾಯಬಾಗದಲ್ಲಿ ಹುಟ್ಟಿ, ಊರು ಬಿಡದೆ ಬದುಕಿದವರು ಎಷ್ಟು ಆಡಳಿತ ಕಂಡಿದ್ದಾರೆ? ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದಾಗಿತ್ತು. 1949ರ ಮಾರ್ಚ್ 1ಕ್ಕೆ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ. 1973ರ ನವೆಂಬರ್ 1ಕ್ಕೆ ಆ ರಾಜ್ಯದ ಹೆಸರೇ ಕರ್ನಾಟಕ ಆಯಿತು. ಅಂದರೆ ಮನಿ ಹೊಸ್ತಿಲಾ ದಾಟದವರಿಗೂ ನಾಲ್ಕು ವಿಳಾಸ!

ರಾತ್ರಿ ಓದುಗಿಯೊಬ್ಬಳು ಬರೆದಳು: “ಅಣ್ಣಾ, ಅಜ್ಜಗ ಇದನ್ನ ಓದಿ ತೋರಿಸಿದೆ. ಟ್ರಂಕಿನಿಂದ ಹೊಲದ ಕಾಗದ ತಗದ್ರು. ಒಂದು ಮೋಡಿ ಲಿಪಿಯಾಗ ಐತಿ, ಒಂದು ಮರಾಠಿಯಾಗ, ಆಮ್ಯಾಲಿಂದು ಕನ್ನಡದಾಗ. ಮೋಡಿ ಓದಾಕ ನಮ್ಮನ್ಯಾಗ ಯಾರಿಗೂ ಬರೂದಿಲ್ಲ. ಹೊಲ ಮಾತ್ರ ಒಂದೇ.” ಆಕೆ ಕಳಿಸಿದ ಈ ಸಾಲುಗಳ ಮುಂದೆ ನನ್ನ ವಿವರಣೆ ಸಪ್ಪೆಯಾಯಿತು.

ಚಿಕ್ಕೋಡಿಯದು ಇನ್ನೊಂದು ಮಜಾ. ಹತ್ತನೇ ತರಗತಿ ಫಲಿತಾಂಶದಲ್ಲಿ ಚಿಕ್ಕೋಡಿ ಬೇರೆಯೇ ಜಿಲ್ಲೆ, ಯಾಕಂದರೆ ಅದು ಶೈಕ್ಷಣಿಕ ಜಿಲ್ಲೆ. ಲೋಕಸಭೆಗೆ ಬೇರೆ ಕ್ಷೇತ್ರ, ಬಿ. ಶಂಕರಾನಂದ ಅವರು 1967ರಿಂದ 1991ರವರೆಗೆ ಸತತ ಏಳು ಚುನಾವಣೆ ಗೆದ್ದ ಕ್ಷೇತ್ರ. ಗಾಡಿಗೂ ಬೇರೆ ನಂಬರು, ಕೆಎ 23. ಇಷ್ಟೆಲ್ಲ ಬೇರೆ ಇದ್ದೂ ಕಂದಾಯ ಜಿಲ್ಲೆ ಮಾತ್ರ ಬೆಳಗಾವಿಯೇ. ಮೀರಜ್–ಬೆಳಗಾವಿ ರೈಲು ಮಾರ್ಗದಲ್ಲಿ ‘ಚಿಕ್ಕೋಡಿ ರೋಡ್’ ಅನ್ನುವ ಸ್ಟೇಷನ್ ಇದೆ, ಚಿಕ್ಕೋಡಿ ಊರಿಗೆ ರೈಲಿಲ್ಲ. ಆ ಹೆಸರು ನಂಬಿ ಇಳಿದವರು ಮುಂದೆ ಬಸ್ ಹಿಡೀಬೇಕು. ನಿಪ್ಪಾಣಿ ಹೆದ್ದಾರಿಗೂ ಇದೇ ಪಾಡು. ಹಳೆ ಗೈಡಿನಲ್ಲಿ ಅದು 4, ಈಗ 48. ಬಸ್ ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಇವತ್ತಿಗೂ ‘ಎನ್‌ಎಚ್ ಫೋರ್’.

ಇದೆಲ್ಲ ಬರೇ ಮೋಜು ಅಂದುಕೊಳ್ಳಬೇಡ್ರಿ. ಕೆಎಎಸ್ ಪೂರ್ವಭಾವಿಯಲ್ಲಿ ಒಂದು ತಪ್ಪಿಗೆ ಕಾಲು ಭಾಗ ಅಂಕ ಹೋಗುತ್ತದೆ. 2024ರ ಆಗಸ್ಟ್ 27ರ ಪರೀಕ್ಷೆ ನೆನಪಿರಬೇಕು. ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿದ ಪ್ರಶ್ನೆಗಳು ಎಷ್ಟು ಕೆಟ್ಟಿದ್ದವೆಂದರೆ ಸರ್ಕಾರವೇ ಮರುಪರೀಕ್ಷೆಗೆ ಹೇಳಬೇಕಾಯಿತು. ಡಿಸೆಂಬರ್ 29ಕ್ಕೆ ಮತ್ತೆ ನಡೆಯಿತು, ಮತ್ತೆ ಅದೇ ದೂರು. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಪ್ರಶ್ನೆ ಅರ್ಥವಾಗಲೆಂದು ಪಕ್ಕದ ಇಂಗ್ಲಿಷ್ ಓದಬೇಕಾದರೆ, ಆ ಪರೀಕ್ಷೆ ಅವನ ಯಾವ ಜ್ಞಾನ ಅಳೆಯಿತು? ಗಡಿಯ ಮಕ್ಕಳಿಗೆ ಇದು ಇನ್ನೂ ಕಷ್ಟ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಪ್ರಶ್ನೆಪತ್ರಿಕೆಯಲ್ಲಿ ಯಾರಿಗೂ ಸೇರದ ಮೂರನೇ ಭಾಷೆ. ಅದಕ್ಕೇ ನಾನು ಪ್ರಶ್ನೆಯನ್ನು ಕನ್ನಡದಲ್ಲೇ ಹುಟ್ಟಿಸುತ್ತೇನೆ, ಬರೆದ ಮೇಲೆ ಒಮ್ಮೆ ಜೋರಾಗಿ ಓದುತ್ತೇನೆ. ಬಾಯಿಗೆ ಸಲೀಸಾಗಿ ಬರದಿದ್ದರೆ ಅದು ಹೋಗುವುದಿಲ್ಲ.

ಇಲ್ಲಿಯವರೆಗೆ ಅತಿ ಹೆಚ್ಚು ಉತ್ತರ ಬಂದದ್ದು ಯಾವುದಕ್ಕೆ ಅಂತೀರಿ? ಚಪ್ಪಲಿಗೆ! ‘ಕೊಲ್ಹಾಪುರಿ ಚಪ್ಪಲಿಯ ಜಿಐ ಟ್ಯಾಗ್ ಯಾವ ರಾಜ್ಯದ್ದು?’ ನೂರಕ್ಕೆ ತೊಂಬತ್ತು ಮಂದಿ ಕಣ್ಣು ಮುಚ್ಚಿ ಮಹಾರಾಷ್ಟ್ರ ಅಂದರು. ಎರಡೂ ರಾಜ್ಯದ್ದು ಅನ್ನುವುದು ಸರಿ ಉತ್ತರ. 2019ರಲ್ಲಿ ಸಿಕ್ಕ ಆ ಟ್ಯಾಗ್ ಎಂಟು ಜಿಲ್ಲೆಗಳಿಗೆ ಸೇರಿದ್ದು. ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ ಆ ಕಡೆ. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಈ ಕಡೆ. ನಮ್ಮ ಅಥಣಿ, ನಿಪ್ಪಾಣಿ, ರಾಯಬಾಗ, ಚಿಕ್ಕೋಡಿ ಭಾಗದಲ್ಲಿ ಎಷ್ಟೋ ಮನೆಗಳು ಇದರ ಮೇಲೇ ಬದುಕಿವೆ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ತೊಗಲು. ಮೊಳೆ ಇಲ್ಲ, ಹೊಲಿಗೆಯೂ ತೊಗಲಿನ ಎಳೆಯಿಂದಲೇ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನಲ್ಲಿ ಇಂಥದ್ದೇ ಚಪ್ಪಲಿ ತೋರಿಸಿದಾಗ ಊರೆಲ್ಲ ಗದ್ದಲ ಎದ್ದಿತ್ತು. ಆಮೇಲೆ ಇದು ಭಾರತದ ಕುಶಲಕರ್ಮಿಗಳಿಂದ ಬಂದದ್ದು ಅಂತ ಕಂಪನಿಯೂ ಒಪ್ಪಿತು. ಆವಾಗಲೂ ಸುದ್ದಿಯಲ್ಲಿ ಕೊಲ್ಹಾಪುರದ ಹೆಸರೇ ಮುಂದಿತ್ತು, ಅಥಣಿಯದು ಎಲ್ಲೋ ಕೊನೆಗೆ.

ಅವತ್ತು ರಾತ್ರಿ ಅಥಣಿ ಕಡೆಯ ಹುಡುಗನೊಬ್ಬ, ಎಸ್‌ಡಿಎಗೆ ಓದುವವನು, ಖಾಸಗಿಯಾಗಿ ಬರೆದ: “ಅಣ್ಣಾರ, ನಮ್ಮಪ್ಪ ಇದನ್ನ ಮಾಡತಾನ. ಕಾಲೇಜಿನ್ಯಾಗ ಅಪ್ಪ ಏನ್ ಮಾಡತಾನ ಅಂದ್ರ ‘ಬಿಸಿನೆಸ್’ ಅಂತಿದ್ದೆ. ಇವತ್ತ ಎಲ್ಲಾರ ಮುಂದ ಉತ್ತರದ ಕೆಳಗ ಅಪ್ಪನ ಕೈ ಫೋಟೋ ಹಾಕಲೇನು?” ಹಾಕಪಾ ಅಂದೆ. ಆ ಫೋಟೋದ ಕೆಳಗೆ ಬಂದ ಪ್ರಶ್ನೆಗಳೆಲ್ಲ ಅವನಪ್ಪನಿಗೇ: ಒಂದು ಜೋಡಿಗೆ ಎಷ್ಟು ದಿನ ಹಿಡೀತೈತಿ, ತೊಗಲು ಎಲ್ಲಿಂದ ತರತೀರಿ, ದಲಾಲರು ಎಷ್ಟಕ್ಕೆ ಒಯ್ಯತಾರೆ. ಕೊನೇ ಪ್ರಶ್ನೆಗೆ ಹುಡುಗ ಉತ್ತರ ಹಾಕಲಿಲ್ಲ.

ಕೇಳುವುದು ಇನ್ನೂ ರಾಶಿ ಇದೆ. 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಗೆ ಡಾ. ಅಂಬೇಡ್ಕರ್ ಯಾಕೆ ಬಂದಿದ್ದರು? ಮುಂಬಯಿ ಪ್ರಾಂತದ ಬಹಿಷ್ಕೃತ ವರ್ಗಗಳ ಪರಿಷತ್ತಿಗೆ. 1981ರಲ್ಲಿ ಅದೇ ನಿಪ್ಪಾಣಿಯ ಹೆದ್ದಾರಿಯಲ್ಲಿ ರೈತರು ಯಾಕೆ ಕುಂತರು? ತಂಬಾಕಿನ ಬೆಲೆಗೆ, ಮುಂದಾಳು ಶರದ್ ಜೋಶಿ, ಕೊನೆಗೆ ಗೋಲಿಬಾರ್. ಇನ್ನು ಸದಲಗಾ ನೋಡ್ರಿ. ಪ್ರಾಕೃತ ವಿದ್ವಾಂಸ ಆ.ನೇ. ಉಪಾಧ್ಯೆ ಹುಟ್ಟಿದ್ದು 1906ರಲ್ಲಿ ಅಲ್ಲಿ, ಜೈನಾಚಾರ್ಯ ವಿದ್ಯಾಸಾಗರ ಮಹಾರಾಜರು ಹುಟ್ಟಿದ್ದು 1946ರಲ್ಲಿ ಅಲ್ಲೇ. ಇಷ್ಟು ಸಣ್ಣ ಊರಿಗೆ ಇದು ಭಾಳ ಆತು ಅಂತ ಚಿಕ್ಕೋಡಿಯ ಒಬ್ಬ ಕಾಕಾ ಹೊಟ್ಟೆಕಿಚ್ಚು ಪಟ್ಟರು.

ಮಾಸ್ತರರ ಮಾತಿನಂತೆ ಇನ್ನು ಮುಂದೆ ಪ್ರತಿ ಉತ್ತರದ ಕೆಳಗೂ ‘ಇದು ಇಂಥ ದಿನಕ್ಕೆ ಸರಿ’ ಅಂತ ತಾರೀಖು ಇರುತ್ತದೆ. ಹಳೆಯ ಪ್ರಶ್ನೆಗಳಿಗೂ ಒಂದೊಂದಾಗಿ ಹಾಕುತ್ತಿದ್ದೇನೆ.

ನಾಳಿನದನ್ನು ಇಲ್ಲೇ ಹೇಳಿಬಿಡತೀನಿ. ವೇದಗಂಗಾ, ದೂಧಗಂಗಾ, ಪಂಚಗಂಗಾ: ಈ ಮೂರರಲ್ಲಿ ಮಹಾರಾಷ್ಟ್ರದ ನೆಲದಲ್ಲೇ ಕೃಷ್ಣೆಯನ್ನು ಸೇರುವ ಹೊಳಿ ಯಾವುದು, ಎಲ್ಲಿ ಸೇರತೈತಿ? ಮೊಬೈಲಿನಾಗ ಹುಡುಕಬ್ಯಾಡ್ರಿ. ಹೊಳಿ ದಂಡಿ ಮಂದಿನ್ನ ಕೇಳಿದ್ರ ನಡೀತೈತಿ.