ಬಟ್ಟೆಬರೆಯ ಮಾತುಗಳು

ಪರಭಾಷೆಯೊಂದನ್ನು ಕಲಿಯತೊಡಗಿದ ಮಕ್ಕಳಿಗೆ ಮೊದಮೊದಲು ಪರಿಚಯವಾಗುವುದು ಉಣ್ಣುವ, ಉಡುವ, ನಿತ್ಯವೂ ಕಣ್ಣಿಗೆ ಬೀಳುವ ವಸ್ತುಗಳ ಹೆಸರುಗಳು. ಕನ್ನಡನಾಡಿನ ಶಾಲೆಗಳಲ್ಲಿ ಇಂಗ್ಲಿಷ್ ಕಲಿಯುವ ಮಕ್ಕಳೂ ಇದಕ್ಕೆ ಹೊರತಲ್ಲ. ಟಿಪ್ಪಣಿ ಪುಸ್ತಕದ ಹಾಳೆಯ ನಡುವೆ ಒಂದು ಗೆರೆ ಎಳೆದು, ಎಡಕ್ಕೆ ಇಂಗ್ಲಿಷ್ ಪದವನ್ನೂ ಬಲಕ್ಕೆ ಅದರ ಕನ್ನಡ ಅರ್ಥವನ್ನೂ ಬರೆದುಕೊಂಡು ಬಾಯಿಪಾಠ ಮಾಡುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ‘ಕ್ಲಾತ್’ ಎಂದರೆ ಬಟ್ಟೆ, ‘ಷರ್ಟ್’ ಎಂದರೆ ಅಂಗಿ, ‘ಡ್ರೆಸ್’ ಎಂದರೆ ಉಡುಪು. ಆರಂಭದ ಕೆಲವು ತಿಂಗಳು ಇದರಿಂದ ಉಪಕಾರವೇ ಆಗುತ್ತದೆ. ಆದರೆ ಆ ಗೆರೆಯನ್ನೇ ನಂಬಿಕೊಂಡು ಮುಂದುವರಿದವರಿಗೆ ತೊಂದರೆ ತಪ್ಪಿದ್ದಲ್ಲ. ಒಂದು ಪದಕ್ಕೆ ಒಂದೇ ಅರ್ಥವೆಂಬ ನಂಬಿಕೆಯಿಂದ ಓದು ಕುಂಟುತ್ತದೆ. ಮಕ್ಕಳ ಮನಸ್ಸಿನಲ್ಲಿ ಅನಾವಶ್ಯಕವಾದ ಅಂಜಿಕೆಯೂ ಬೇರೂರುತ್ತದೆ. ಉಡುಗೆ ತೊಡುಗೆಯ ಕೆಲವು ಪದಗಳನ್ನು ಪರಿಶೀಲಿಸಿದರೂ ಇದು ಮನವರಿಕೆಯಾದೀತು.

‘ಸೂಟ್’ ಎಂಬ ಪದವನ್ನೇ ನೋಡಬಹುದು. ಒಂದೇ ಬಟ್ಟೆಯಲ್ಲಿ ಹೊಲಿಸಿದ ಕೋಟು ಷರಾಯಿಗಳ ಜೋಡಿಗೆ ಆ ಹೆಸರಿರುವುದನ್ನು ಎಲ್ಲರೂ ಬಲ್ಲರು. ನ್ಯಾಯಾಲಯದ ಮೆಟ್ಟಿಲು ಹತ್ತಿದೊಡನೆ ಅದೇ ಪದಕ್ಕೆ ದಾವೆ ಎಂಬ ಅರ್ಥ ಬರುತ್ತದೆ. ಒಬ್ಬಾತ ನೆರೆಯವನ ಮೇಲೆ ‘ಸೂಟ್’ ಹೂಡಿದನೆಂದು ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದ ಬಾಲಕನೊಬ್ಬ, ನೆರೆಯವನಿಗೆ ಹೊಸ ಕೋಟು ಸಿಕ್ಕಿತೆಂದು ಬಗೆದರೆ ತಪ್ಪು ಬಾಲಕನದಲ್ಲ, ಅವನ ಟಿಪ್ಪಣಿ ಪುಸ್ತಕದ್ದು. ಇಸ್ಪೀಟಿನಲ್ಲಿ ಒಂದೇ ಚಿಹ್ನೆಯ ಹದಿಮೂರು ಎಲೆಗಳು ಸೇರಿದರೆ ಅದೂ ಒಂದು ಸೂಟ್. ಬಣ್ಣ ಮೈಗೆ ಒಪ್ಪುತ್ತದೆ, ಊರಿನ ಹವೆ ಆರೋಗ್ಯಕ್ಕೆ ಒಗ್ಗುತ್ತದೆ ಎನ್ನುವಾಗಲೂ ಇದೇ ಪದವನ್ನು ಕ್ರಿಯಾಪದವಾಗಿ ಬಳಸುತ್ತಾರೆ. ಮೇಲುನೋಟಕ್ಕೆ ಇವು ಒಂದಕ್ಕೊಂದು ಸಂಬಂಧವಿಲ್ಲದ ಅರ್ಥಗಳು. ಆದರೆ ಲ್ಯಾಟಿನ್ನಿನ ‘ಅನುಸರಿಸು’ ಎಂಬ ಅರ್ಥದ ಧಾತುವಿನಿಂದ, ಫ್ರೆಂಚಿನ ಮಾರ್ಗವಾಗಿ, ಈ ಪದ ಇಂಗ್ಲಿಷಿಗೆ ಬಂದಿತೆಂಬುದನ್ನು ತಿಳಿದಾಗ ಗಂಟು ಸಡಿಲವಾಗುತ್ತದೆ. ಕೋಟನ್ನು ಷರಾಯಿ ಅನುಸರಿಸುತ್ತದೆ. ಆಟಗಾರ ಮೊದಲು ಬಿದ್ದ ಎಲೆಯ ಚಿಹ್ನೆಯನ್ನು ಅನುಸರಿಸುತ್ತಾನೆ. ವಾದಿಯು ಪ್ರತಿವಾದಿಯನ್ನು ಬೆನ್ನಟ್ಟುತ್ತಾನೆ.

‘ಡ್ರೆಸ್’ ಕೂಡ ಇಂಥದೇ. ನೆಟ್ಟಗೆ ಮಾಡು, ಅಣಿಗೊಳಿಸು ಎಂಬುದು ಅದರ ಮೂಲಾರ್ಥ. ದಾದಿಯು ಗಾಯವನ್ನು ತೊಳೆದು ಔಷಧ ಹಚ್ಚಿ ಪಟ್ಟಿ ಕಟ್ಟಿದರೆ ಡ್ರೆಸ್ಸಿಂಗ್. ಹಸಿ ತರಕಾರಿಯ ಹೋಳುಗಳಿಗೆ ಎಣ್ಣೆ ಹುಳಿಗಳನ್ನು ಕಲಸಿದರೂ ಡ್ರೆಸ್ಸಿಂಗ್. ಕಲ್ಲುಕುಟಿಗನು ಒರಟು ಕಲ್ಲಿನ ಮುಖವನ್ನು ಸಮಮಾಡುವುದಕ್ಕೂ, ಕವಾಯತಿನ ಮೈದಾನದಲ್ಲಿ ಸೈನಿಕರು ಸಾಲನ್ನು ನೇರವಾಗಿಸಿಕೊಳ್ಳುವುದಕ್ಕೂ ಇದೇ ಮಾತು. ಇನ್ನು ‘ಹ್ಯಾಬಿಟ್’ ಎಂದರೆ ಅಭ್ಯಾಸವೂ ಹೌದು, ಕ್ರೈಸ್ತ ಸನ್ಯಾಸಿನಿಯರ ನಿಲುವಂಗಿಯೂ ಹೌದು. ವೇಷಭೂಷಣವೆಂಬ ಅರ್ಥದ ‘ಕಾಸ್ಟ್ಯೂಮ್’, ರೂಢಿಯೆಂಬ ಅರ್ಥದ ‘ಕಸ್ಟಮ್’ ಎರಡೂ ಒಂದೇ ತಾಯಿಯ ಮಕ್ಕಳು. ಪಠ್ಯವೆಂಬ ಅರ್ಥದ ‘ಟೆಕ್ಸ್ಟ್’ ಮತ್ತು ಜವಳಿಯೆಂಬ ಅರ್ಥದ ‘ಟೆಕ್ಸ್‌ಟೈಲ್’ ಎರಡಕ್ಕೂ ನೇಯು ಎಂಬ ಲ್ಯಾಟಿನ್ ಕ್ರಿಯಾಪದವೇ ಮೂಲ. ಇದರಲ್ಲಿ ಆಶ್ಚರ್ಯಪಡಬೇಕಾದುದೇನೂ ಇಲ್ಲ. ಪಾಣಿನಿ ತನ್ನ ವ್ಯಾಕರಣವನ್ನು ಸೂತ್ರಗಳಲ್ಲಿ ರಚಿಸಿದ, ಸೂತ್ರವೆಂದರೂ ನೂಲೇ.

ಇಷ್ಟೊಂದು ಅರ್ಥಗಳ ತೊಡಕು ಇಂಗ್ಲಿಷಿಗೆ ಮಾತ್ರ ಅಂಟಿದ ದೋಷವೆಂದು ಕೆಲವರು ಆಕ್ಷೇಪಿಸುವುದುಂಟು. ಅವರು ತಮ್ಮ ತಾಯ್ನುಡಿಯತ್ತ ಒಮ್ಮೆ ತಿರುಗಿ ನೋಡುವುದು ಒಳಿತು. ಕನ್ನಡದಲ್ಲಿ ಬಟ್ಟೆಯೆಂದರೆ ವಸ್ತ್ರ. ಹಳಗನ್ನಡ ಕಾವ್ಯಗಳಲ್ಲಿ ಬಟ್ಟೆಯೆಂದರೆ ದಾರಿ. ‘ಮಡಿ’ ಎಂಬ ಎರಡಕ್ಷರದ ಮಾತು ಮಾಡುವ ಕೆಲಸವಂತೂ ಹೇಳತೀರದು. ಅಜ್ಜಿ ಮಡಿಯುಟ್ಟು ಅಡಿಗೆಗೆ ನಿಲ್ಲುತ್ತಾರೆ; ರೈತ ಭತ್ತದ ಸಸಿಮಡಿ ಮಾಡುತ್ತಾನೆ; ಒಗೆದ ಪಂಚೆಯನ್ನು ಮಡಿಸಿಡುತ್ತಾರೆ; ಬೇಳೆಯ ಬೆಲೆ ಇಮ್ಮಡಿಯಾಗುತ್ತದೆ; ಯೋಧ ರಣರಂಗದಲ್ಲಿ ಮಡಿಯುತ್ತಾನೆ. ಕನ್ನಡದ ಯಾವ ಮಗುವೂ ಅಜ್ಜಿಯ ಮಡಿಯನ್ನು ಗದ್ದೆಯ ಮಡಿಯೊಡನೆ ಬೆರೆಸಿ ಗೊಂದಲಕ್ಕೆ ಸಿಕ್ಕುವುದಿಲ್ಲ. ಏಕೆಂದರೆ ಅದು ಆ ಪದವನ್ನು ಪಟ್ಟಿಯಿಂದ ಕಲಿತದ್ದಲ್ಲ. ಅಡಿಗೆಮನೆಯಲ್ಲಿ, ಗದ್ದೆಯ ಬದುವಿನಲ್ಲಿ, ಕಥೆ ಕೇಳುವಾಗ, ವಾಕ್ಯದೊಳಗೆ ಕಲಿತದ್ದು. ಇಂಗ್ಲಿಷ್ ಪದವನ್ನೂ ವಾಕ್ಯದಿಂದ ಕಿತ್ತು ತೆಗೆಯದೆ ಕಲಿಸಿದರೆ ಅರ್ಧ ಕಷ್ಟ ಪರಿಹಾರವಾದಂತೆ. ಪರೀಕ್ಷೆಯಲ್ಲಿ ಒಂದೇ ಅರ್ಥ ಕೇಳುವರಲ್ಲ ಎಂಬ ವಾದವಿದೆ. ಹಾಗೆ ಕೇಳುವ ಪರೀಕ್ಷೆ ತಿದ್ದಿಕೊಳ್ಳಬೇಕೇ ಹೊರತು ಭಾಷೆಯಲ್ಲ.

ಇಂಗ್ಲಿಷನ್ನೇ ತಾಯ್ನುಡಿಯಾಗಿ ಉಳ್ಳವರಾದರೂ ಈ ಪದಗಳ ವಿಷಯದಲ್ಲಿ ಒಮ್ಮತದಿಂದಿರುವರೇ ಎಂದರೆ ಅದೂ ಇಲ್ಲ. ಅಮೆರಿಕದಲ್ಲಿ ‘ಪ್ಯಾಂಟ್ಸ್’ ಎಂದರೆ ಷರಾಯಿ, ಬ್ರಿಟನ್ನಿನಲ್ಲಿ ಒಳಚಡ್ಡಿ. ಬ್ರಿಟನ್ನಿನಲ್ಲಿ ‘ವೆಸ್ಟ್’ ಎಂದರೆ ಬನಿಯನು. ಅಮೆರಿಕದಲ್ಲಿ ಕೋಟಿನೊಳಗೆ ತೊಡುವ ತೋಳಿಲ್ಲದ ವೇಸ್ಟ್‌ಕೋಟು. ‘ಜಂಪರ್’ ಎಂಬುದು ಲಂಡನ್ನಿನಲ್ಲಿ ಉಣ್ಣೆಯ ಸ್ವೆಟರು, ನ್ಯೂಯಾರ್ಕಿನಲ್ಲಿ ಹುಡುಗಿಯರ ತೋಳಿಲ್ಲದ ಉಡುಪು. ‘ಸಸ್ಪೆಂಡರ್’ ಅಮೆರಿಕದಲ್ಲಿ ಷರಾಯಿಯನ್ನು ಹೆಗಲಿಗೆ ತೂಗುಹಾಕುವ ಪಟ್ಟಿ. ಬ್ರಿಟನ್ನಿನಲ್ಲಿ ಕಾಲುಚೀಲ ಜಾರದಂತೆ ಹಿಡಿಯುವ ಸಾಧನ. ಷರ್ಟ್ ಮತ್ತು ಸ್ಕರ್ಟ್ ಎಂಬೆರಡು ಪದಗಳು ಸಹ ಮೂಲದಲ್ಲಿ ಒಂದೇ. ಗಿಡ್ಡವೆಂಬ ಅರ್ಥದ ಒಂದೇ ಬೇರಿನಿಂದ ಹೊರಟು, ಮೊದಲನೆಯದು ಹಳೆಯ ಇಂಗ್ಲಿಷಿನಲ್ಲಿ ಬೆಳೆಯಿತು. ಎರಡನೆಯದು ಸ್ಕ್ಯಾಂಡಿನೇವಿಯದ ಜನರೊಡನೆ ಹಡಗಿನಲ್ಲಿ ಬಂದಿತು. ಈಗ ಒಂದು ಸೊಂಟದ ಮೇಲಕ್ಕೆ, ಇನ್ನೊಂದು ಸೊಂಟದ ಕೆಳಕ್ಕೆ.

ಅಮೆರಿಕದಿಂದ ಬಂದ ವಿದ್ಯಾರ್ಥಿಯೊಬ್ಬ ಲಂಡನ್ನಿನ ಅಂಗಡಿಯಲ್ಲಿ ‘ಪ್ಯಾಂಟ್ಸ್’ ಕೇಳಿದರೆ ಮಾರಾಟಗಾರ ಒಳಚಡ್ಡಿಗಳನ್ನು ತಂದು ಹರಡಿಯಾನು. ಇಬ್ಬರೂ ನಕ್ಕು ಸುಮ್ಮನಾಗುತ್ತಾರೆ. ಆ ವಿದ್ಯಾರ್ಥಿಗೆ ಇಂಗ್ಲಿಷ್ ಬಾರದೆಂದು ಯಾರೂ ಹೇಳುವುದಿಲ್ಲ. ಆದರೆ ಹಳ್ಳಿಯ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಪಟ್ಟಣದ ಕಾಲೇಜಿಗೆ ಸೇರಿದ ಹುಡುಗಿಯೊಬ್ಬಳು ಅಂಥದೇ ತಪ್ಪು ಮಾಡಿದರೆ ಸಹಪಾಠಿಗಳ ನಗು ಬೇರೆಯ ಬಗೆಯದು. ಆಕೆ ತಲೆ ತಗ್ಗಿಸುತ್ತಾಳೆ. ಮರುದಿನದಿಂದ ತರಗತಿಯಲ್ಲಿ ಬಾಯಿ ತೆರೆಯಲು ಹಿಂಜರಿಯುತ್ತಾಳೆ. ಇದು ಅನ್ಯಾಯ. ಬ್ರಿಟನ್ನಿನವರೂ ಅಮೆರಿಕದವರೂ ಒಪ್ಪಂದಕ್ಕೆ ಬಾರದ ಪದಗಳ ವಿಷಯದಲ್ಲಿ ಕನ್ನಡದ ಮಕ್ಕಳು ಮಾತ್ರ ನಾಚಿಕೊಳ್ಳಬೇಕೆನ್ನುವುದು ಯಾವ ನ್ಯಾಯ?

ಅದೂ ಅಲ್ಲದೆ, ಈ ಪದಗಳಲ್ಲಿ ಎಷ್ಟೋ ಇಂಗ್ಲೆಂಡಿನ ಮಗ್ಗದಲ್ಲಿ ನೇಯ್ದವಲ್ಲ. ‘ಪೈಜಾಮ’ ಕಾಲು ಮತ್ತು ಉಡುಪು ಎಂಬ ಅರ್ಥದ ಎರಡು ಪಾರಸಿ ಪದಗಳ ಜೋಡಣೆ. ‘ಡಂಗರಿ’ಯ ಹೆಸರು ಬಂದದ್ದು ಮುಂಬಯಿಯ ಡೊಂಗ್ರಿಯಿಂದ. ವರ್ತಕನೆಂಬ ಅರ್ಥದ ಸಂಸ್ಕೃತದ ‘ವಣಿಜ್’ ಗುಜರಾತಿನಲ್ಲಿ ವಾಣಿಯೋ ಎಂದಾಯಿತು. ಯುರೋಪಿಯನ್ನರು ಅದನ್ನು ಬನಿಯನ್ ಎಂದು ಉಚ್ಚರಿಸಿ, ಆ ವರ್ತಕರು ತೊಡುತ್ತಿದ್ದ ಸಡಿಲ ಅಂಗಿಗೂ ಅದೇ ಹೆಸರಿಟ್ಟರು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಸಿರಿವಂತರು ಮನೆಯಲ್ಲಿ ಅಂಥ ನಿಲುವಂಗಿ ತೊಟ್ಟು ವಿರಮಿಸುತ್ತಿದ್ದರು. ಅದೇ ಪದ ಮರಳಿ ಕನ್ನಡಕ್ಕೆ ಬಂದಾಗ ಅದು ಒಳ ಅಂಗಿಯಾಗಿತ್ತು. ವಾಣಿಜ್ಯವೂ ಬನಿಯನೂ ನಂಟರೆಂದರೆ ಯಾರು ನಂಬಿಯಾರು!

‘ಕ್ಯಾಲಿಕೊ’ ಎಂಬ ಪದದ ಕಥೆ ಇನ್ನೂ ಗಮನಾರ್ಹವಾದುದು. ಮಲಬಾರಿನ ಕಲ್ಲಿಕೋಟೆಯಿಂದ ಆ ಹೆಸರು ಹುಟ್ಟಿತು. ಈಸ್ಟ್ ಇಂಡಿಯಾ ಕಂಪನಿ ಹಡಗುಗಳಲ್ಲಿ ತುಂಬಿ ಒಯ್ದ ಹತ್ತಿಯ ಬಟ್ಟೆ, ವಿಶೇಷವಾಗಿ ಬಣ್ಣದ ಅಚ್ಚಿನ ಬಟ್ಟೆ, ಅಲ್ಲಿನ ಹೆಂಗಸರ ಮನಸ್ಸನ್ನು ಸೂರೆಗೊಂಡಿತು. ತೊಳೆದರೂ ಬಣ್ಣ ಬಿಡದ ಹಗುರವಾದ ಬಟ್ಟೆ! ಉಣ್ಣೆ ಮತ್ತು ರೇಷ್ಮೆಯ ನೇಕಾರರು ಕಂಗಾಲಾದರು. ಅಚ್ಚಿನ ಕ್ಯಾಲಿಕೊ ಆಮದನ್ನು ತಡೆಯುವ ಶಾಸನ 1700ರಲ್ಲಿ ಬಂದಿತು. ಅದು ಸಾಲದೆ 1719ರಲ್ಲಿ ಲಂಡನ್ನಿನ ನೇಕಾರರು ಬೀದಿಗಿಳಿದು, ಕ್ಯಾಲಿಕೊ ತೊಟ್ಟ ಹೆಂಗಸರ ಉಡುಪುಗಳನ್ನೇ ಹರಿದರು. 1721ರ ಶಾಸನ ಅಂಥ ಬಟ್ಟೆ ತೊಡುವುದನ್ನೇ ನಿಷೇಧಿಸಿತು. 1774ರವರೆಗೆ ಅದು ಜಾರಿಯಲ್ಲಿತ್ತು. ಇಷ್ಟು ಕೋಲಾಹಲ ಎಬ್ಬಿಸಿದ ಪದ ಇಂದು ಬ್ರಿಟನ್ನಿನಲ್ಲಿ ಬಣ್ಣವೇ ಇಲ್ಲದ ಸಾದಾ ಹತ್ತಿಬಟ್ಟೆಗೆ ಹೆಸರಾಗಿದೆ. ಅಮೆರಿಕದಲ್ಲಾದರೋ ಅದು ಚಿಕ್ಕ ಹೂವಿನ ಅಚ್ಚಿನ ಬಟ್ಟೆ. ಮೈಮೇಲೆ ಮೂರು ಬಣ್ಣದ ಮಚ್ಚೆಗಳುಳ್ಳ ಬೆಕ್ಕಿಗೂ ಅಲ್ಲಿ ಕ್ಯಾಲಿಕೊ ಎಂದೇ ಹೆಸರು. ಕಲ್ಲಿಕೋಟೆಯವರು ಆ ಬೆಕ್ಕನ್ನು ಕಂಡರೆ ಏನೆನ್ನುವರೋ!

ಇಂಗ್ಲಿಷಿನ ಪದಗಳಿಗೆ ಅರ್ಥ ಹೆಚ್ಚೆಂದು ಬೆರಗಾಗುವ ಮೊದಲು ಮತ್ತೊಂದು ಸಂಗತಿಯನ್ನು ಗಮನಿಸಬೇಕು. ಇಂಗ್ಲಿಷಿನವರು ಮೈಮೇಲೆ ಬರುವುದೆಲ್ಲಕ್ಕೂ ‘ವೇರ್’ ಎಂಬ ಒಂದೇ ಕ್ರಿಯಾಪದವನ್ನು ಬಳಸುತ್ತಾರೆ. ಉಡುಪು, ಬೂಟು, ಕನ್ನಡಕ, ಗಡ್ಡ, ಕಡೆಗೆ ಮುಖದ ಮೇಲಿನ ನಗು, ಎಲ್ಲವನ್ನೂ ಅವರು ‘ವೇರ್’ ಮಾಡುವವರೇ. ಬಟ್ಟೆ ಸವೆಯುವುದಕ್ಕೂ ಅದೇ ಪದ. ಕನ್ನಡದಲ್ಲಿ ಸೀರೆಯನ್ನು ಉಡುತ್ತಾರೆ, ಕುಪ್ಪಸವನ್ನು ತೊಡುತ್ತಾರೆ, ಕಂಬಳಿಯನ್ನು ಹೊದೆಯುತ್ತಾರೆ, ರುಮಾಲನ್ನು ಸುತ್ತುತ್ತಾರೆ, ಹೂವನ್ನು ಮುಡಿಯುತ್ತಾರೆ, ಚಪ್ಪಲಿಯನ್ನು ಮೆಟ್ಟುತ್ತಾರೆ. ಬಟ್ಟೆ ಮೈಯನ್ನು ಬಳಸುವ ರೀತಿಯೇ ಕ್ರಿಯಾಪದದಲ್ಲಿ ಮೂಡಿದೆ. ಇತ್ತೀಚೆಗೆ ಸೀರೆಯನ್ನೂ ‘ಹಾಕಿಕೊಳ್ಳುವ’, ಹೂವನ್ನೂ ‘ಹಾಕಿಕೊಳ್ಳುವ’ ಅಭ್ಯಾಸ ಹೆಚ್ಚುತ್ತಿದೆ. ಇಂಗ್ಲಿಷಿನ ‘ವೇರ್’ನ ಎಲ್ಲ ಅರ್ಥಗಳನ್ನೂ ಕಲಿಯುವ ಉತ್ಸಾಹದಲ್ಲಿ ಈ ಆರು ಕ್ರಿಯಾಪದಗಳನ್ನು ಕಳೆದುಕೊಳ್ಳುವುದು ದುಬಾರಿಯ ವ್ಯಾಪಾರ.

ಹಾಗೆಂದು ಕನ್ನಡಿಗರು ಎರವಲು ಪದಗಳನ್ನು ಬಂದಂತೆಯೇ ಇಟ್ಟುಕೊಂಡು ಕುಳಿತಿಲ್ಲ. ಅವಕ್ಕೆ ತಮ್ಮದೇ ಅರ್ಥಗಳನ್ನು ಕೊಟ್ಟಿದ್ದಾರೆ. ಧೂಳಿನ ಬಣ್ಣವೆಂಬ ಅರ್ಥದ ಪಾರಸಿಯ ‘ಖಾಕಿ’ ಕನ್ನಡ ಪತ್ರಿಕೆಗಳ ತಲೆಬರೆಹದಲ್ಲಿ ಪೊಲೀಸರು, ‘ಖಾದಿ’ ರಾಜಕಾರಣಿಗಳು. ಇನ್ನು ಟವಲು. ಇಂಗ್ಲಿಷಿನ ಮುಷ್ಟಿಯುದ್ಧದ ಅಖಾಡದಲ್ಲಿ ತರಬೇತುದಾರ ಟವಲನ್ನು ಒಳಕ್ಕೆ ಎಸೆದರೆ ತನ್ನವನು ಸೋತನೆಂದು ಒಪ್ಪಿಕೊಂಡಂತೆ. ಕರ್ನಾಟಕದ ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಸೀಟಿನ ಮೇಲೆ ಟವಲು ಬಿದ್ದರೆ ಆ ಜಾಗ ಹಾಕಿದವರದಾಯಿತು. ಮಂತ್ರಿ ಪದವಿಗೆ ಯಾರು ಯಾರು ‘ಟವಲು ಹಾಕಿದ್ದಾರೆ’ ಎಂಬ ಚರ್ಚೆ ಚುನಾವಣೆ ಮುಗಿದೊಡನೆ ಹಳ್ಳಿಯ ಕಟ್ಟೆಗಳಲ್ಲಿಯೂ ನಡೆಯುತ್ತದೆ. ಇಂಗ್ಲೆಂಡಿನಿಂದ ಬಂದ ಪ್ರವಾಸಿಯೊಬ್ಬರು ಬಸ್ಸಿನ ಸೀಟಿನ ಮೇಲಿನ ಟವಲನ್ನು ಯಾರೋ ಮರೆತುಹೋದದ್ದೆಂದು ತಿಳಿದು ಕಂಡಕ್ಟರ ಕೈಗೊಪ್ಪಿಸಿ, ನಿಶ್ಚಿಂತೆಯಿಂದ ಅಲ್ಲಿಯೇ ಕುಳಿತರೆ, ಬಸ್ಸಿನಲ್ಲಿರುವವರು ಅವರಿಗೆ ಆ ಪದದ ಅರ್ಥವನ್ನು ತಿಳಿಸಿ ಹೇಳಬೇಕಾಗುತ್ತದೆ.